ಅರಸನ ಕಣ್ಣೀರು, ರೈತನ ಕಾಲುವೆ

ಸ್ಪೇನ್ ದೇಶದ ದಕ್ಷಿಣದಲ್ಲಿ ಸಿಯೆರಾ ನೆವಾದಾ ಎಂಬ ಹಿಮದ ಬೆಟ್ಟಸಾಲಿದೆ. ಆ ಸಾಲಿನ ದಕ್ಷಿಣದ ಇಳಿಜಾರನ್ನೂ ಅದರ ಕೆಳಗೆ ಕಡಲಿನ ಕಡೆಗಿರುವ ಕಣಿವೆಗಳನ್ನೂ ಸೇರಿಸಿ ಅಲ್ಪುಹಾರಾ ಎಂದು ಕರೆಯುತ್ತಾರೆ. ಅರಬ್ಬಿಯ ‘ಅಲ್-ಬುಶರ್ರಾತ್’ ಎಂಬ ಹೆಸರು ಸ್ಪ್ಯಾನಿಷ್ ನಾಲಿಗೆಯಲ್ಲಿ ಹೀಗಾಗಿದೆ. ಗ್ರನಾಡಾ ಮತ್ತು ಅಲ್ಮೆರಿಯಾ ಪ್ರಾಂತ್ಯಗಳಲ್ಲಿ ಹರಡಿರುವ ಈ ಸೀಮೆಗೆ ಯುರೋಪಿನ ನಾನಾ ಕಡೆಯಿಂದ ಕಾಲ್ನಡಿಗೆಯ ಪ್ರವಾಸಿಗರು ಬರುತ್ತಾರೆ. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ಜೇಬಿನಲ್ಲಿ ನಕ್ಷೆ. ಬೆಳಿಗ್ಗೆ ಒಂದು ಹಳ್ಳಿ ಬಿಟ್ಟು ಸಂಜೆಗೆ ಇನ್ನೊಂದು ಹಳ್ಳಿ ಸೇರುತ್ತಾರೆ. ಅವರ ಕೈಪಿಡಿಗಳಲ್ಲಿ ಇವು ‘ಮೂರರ ಹಳ್ಳಿಗಳು’. ಮೂರ್ ಎಂದರೆ ಅಲ್ಲಿನ ಭಾಷೆಯಲ್ಲಿ ಮುಸ್ಲಿಮ. ಆ ಹಳ್ಳಿಗಳನ್ನು ಕಟ್ಟಿದ ಮುಸ್ಲಿಮರನ್ನು ಅಲ್ಲಿಂದ ಹೊರಹಾಕಿ ನಾಲ್ಕೂವರೆ ಶತಮಾನವಾಗಿದೆ. ಜನರಿಲ್ಲ, ಅವರ ಹೆಸರು ಮಾತ್ರ ಪ್ರವಾಸೋದ್ಯಮಕ್ಕೆ ಒದಗುತ್ತಿದೆ.

ಈ ಸೀಮೆಯ ಬಗ್ಗೆ, ಇದು ಸೇರಿದ್ದ ಗ್ರನಾಡಾ ರಾಜ್ಯದ ಬಗ್ಗೆ, ಸ್ಪ್ಯಾನಿಷ್, ಇಂಗ್ಲಿಷ್, ಅರಬ್ಬಿ ಮತ್ತು ಉರ್ದುವಿನಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಯಾರು ಏನನ್ನು ನೋಡಿದರು, ಏನನ್ನು ನೋಡದೆ ಬಿಟ್ಟರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಯಾಕೆಂದರೆ ಕಳೆದುಹೋದ ಒಂದು ನಾಡನ್ನು ನಾವು ಹೇಗೆ ನೆನೆಯುತ್ತೇವೆ ಎಂಬುದು, ಬದುಕುತ್ತಿರುವ ನಾಡಿನಲ್ಲಿ ನಮ್ಮನ್ನು ನಾವು ಏನೆಂದು ತಿಳಿದುಕೊಂಡಿದ್ದೇವೆ ಎಂಬುದನ್ನು ಹೇಳಿಬಿಡುತ್ತದೆ.

ಮೊದಲು ದಾರಿಗಳ ಮಾತು. ಸ್ಪೇನಿನ ದಕ್ಷಿಣ ತುದಿಯ ತಾರಿಫಾದಿಂದ ಅಂಡೋರಾದವರೆಗೆ ಹೋಗುವ ‘ಜಿ.ಆರ್. 7’ ಎಂಬ ಕಾಲುದಾರಿ ಅಲ್ಪುಹಾರಾದ ಹಳ್ಳಿಗಳನ್ನು ಹಾದುಹೋಗುತ್ತದೆ. ಬಂಡೆಗಳ ಮೇಲೆ, ಮರಗಳ ಮೇಲೆ ಬಿಳಿ-ಕೆಂಪು ಪಟ್ಟೆ ಬಳಿದು ಗುರುತು ಮಾಡಿದ್ದಾರೆ. ಸಿಯೆರಾ ನೆವಾದಾದ ಸುತ್ತ ಒಂದು ಪ್ರದಕ್ಷಿಣೆ ಹಾಕುವ ಇನ್ನೊಂದು ದಾರಿಯೂ ಇದೆ. ಸುಮಾರು 300 ಕಿ.ಮೀ. ಉದ್ದದ, 19 ಹಂತಗಳ ಈ ದಾರಿಗೆ ‘ಸುಲೈರ್’ ಎಂದು ಹೆಸರಿಟ್ಟಿದ್ದಾರೆ. ಅದು ಅರಬರು ಈ ಬೆಟ್ಟಸಾಲಿಗೆ ಹೇಳುತ್ತಿದ್ದ ‘ಜಬಲ್ ಶುಲೈರ್’. ಸ್ವಾರಸ್ಯವೆಂದರೆ ಅರಬರೂ ಅದನ್ನು ಹೊಸದಾಗಿ ಇಟ್ಟವರಲ್ಲ. ಅವರಿಗಿಂತ ಮುಂಚಿನ ಲ್ಯಾಟಿನ್ ಹೆಸರೊಂದನ್ನು ತಮ್ಮ ಉಚ್ಚಾರಕ್ಕೆ ಒಗ್ಗಿಸಿಕೊಂಡಿದ್ದರು. ಬೆಟ್ಟದ ಹೆಸರು ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದಿದೆ.

ಈ ದಾರಿಗಳ ಬಹುಭಾಗವನ್ನು ಪ್ರವಾಸಿಗರಿಗಾಗಿ ಕಡಿದದ್ದಲ್ಲ. ಹಳ್ಳಿಯಿಂದ ಹಳ್ಳಿಗೆ ಹೇಸರಗತ್ತೆಗಳು ಹೊರೆ ಹೊತ್ತು ನಡೆದ ದಾರಿ, ಕುರಿ ಮೇಯಿಸುವವರು ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹತ್ತಿದ ದಾರಿ, ಗಿರಣಿಗೆ ಕಾಳು ಒಯ್ದ ದಾರಿ, ಕಾಲುವೆಯ ಪಕ್ಕದಲ್ಲಿ ನೀರು ನೋಡಿಕೊಳ್ಳುವವನು ಹಾರೆ ಹಿಡಿದು ತಿರುಗಿದ ದಾರಿ. ಪಟ್ಟೆ ಬಳಿದವರು ಇತ್ತೀಚಿನವರು. ನೆಲವನ್ನು ತುಳಿದು ಗಟ್ಟಿ ಮಾಡಿದವರು ಬೇರೆಯವರು. ಹಳ್ಳಿಗಳೂ ಹಾಗೆಯೇ. ಪೊಕೇರಾ ಎಂಬ ಆಳವಾದ ಕಮರಿಯ ಒಂದು ಬದಿಯಲ್ಲಿ ಪಂಪನೇರಾ, ಬುಬಿಯೋನ್, ಕಪಿಲೇರಾ ಎಂಬ ಮೂರು ಹಳ್ಳಿಗಳು ಒಂದರ ಮೇಲೊಂದು ಕುಳಿತಿವೆ. ಕಲ್ಲಿನ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ತೊಲೆಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ‘ಲಾವುನಾ’ ಎಂಬ ಬೂದುಬಣ್ಣದ ಜೇಡಿ. ನೀರು ಇಳಿಯಗೊಡದ ಈ ಜೇಡಿಯನ್ನು ಸಮತಟ್ಟಾಗಿ ಹಾಸಿ ಮಾಳಿಗೆ ಮಾಡುತ್ತಾರೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಇದರ ಹದ ಅರ್ಥವಾಗುತ್ತದೆ. ಒಬ್ಬನ ಮಾಳಿಗೆ ಮೇಲಿನ ಮನೆಯವನಿಗೆ ಅಂಗಳದಂತೆ ಕಾಣುತ್ತದೆ. ಓಣಿಯ ಮೇಲೆ ಒಂದು ಮನೆಯಿಂದ ಎದುರು ಮನೆಗೆ ಹಾಸಿದ ಚಾವಣಿಗೆ ‘ತಿನಾವೊ’ ಎನ್ನುತ್ತಾರೆ. ಉತ್ತರ ಆಫ್ರಿಕಾದ ಬೆರ್ಬೆರ್ ಜನರ ಬೆಟ್ಟದ ಹಳ್ಳಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಹಲವರು ಗುರುತಿಸಿದ್ದಾರೆ. 1982ರಲ್ಲಿ ಪೊಕೇರಾ ಕಮರಿಯ ಹಳ್ಳಿಗಳನ್ನು ಐತಿಹಾಸಿಕ ತಾಣವೆಂದು ಸರಕಾರ ಘೋಷಿಸಿತು.

ಇನ್ನು ಉರ್ದುವಿನ ಕಣ್ಣು. ಉರ್ದು ಓದಿ ಬೆಳೆದವರಿಗೆ ಅಂದಲೂಸ್ ಎಂಬ ಪದ ಭೂಗೋಳದ ಪುಸ್ತಕದಿಂದ ಬಂದದ್ದಲ್ಲ. ಕರ್ನಾಟಕದ ಉರ್ದು ಶಾಲೆಗಳ ಹುಡುಗರಿಗೂ ಅದು ಮ್ಯಾಡ್ರಿಡ್‌ಗಿಂತ ಮೊದಲು ಪರಿಚಯವಾಗುವ ಹೆಸರು. 1857ರಲ್ಲಿ ದಿಲ್ಲಿ ಮುರಿದ ಮೇಲೆ ಉರ್ದು ಲೇಖಕರು ತಮ್ಮ ಸೋಲಿನ ಮುಖವನ್ನು ನೋಡಿಕೊಳ್ಳಲು ಅಂದಲೂಸನ್ನು ಕನ್ನಡಿಯಾಗಿ ಹಿಡಿದರು. ಅಲ್ತಾಫ್ ಹುಸೇನ್ ಹಾಲಿಯವರ ‘ಮುಸದ್ದಸ್’ (1879) ಆ ಹಾದಿಯ ದೊಡ್ಡ ಕೃತಿ. ಅಬ್ದುಲ್ ಹಲೀಮ್ ಶರರ್ ಅವರು ಸ್ಪೇನನ್ನು ಕಾದಂಬರಿಗೆ ತಂದರು. ಇಪ್ಪತ್ತನೆಯ ಶತಮಾನದಲ್ಲಿ ನಸೀಮ್ ಹಿಜಾಝಿಯವರ ಕಾದಂಬರಿಗಳು ಗ್ರನಾಡಾದ ಪತನವನ್ನು ಮನೆಮನೆಗೆ ಮುಟ್ಟಿಸಿದವು. ಹರಿದ ಹೊದಿಕೆಯ, ಕೈಯಿಂದ ಕೈಗೆ ದಾಟಿದ ಆ ಪುಸ್ತಕಗಳ ಶಕ್ತಿಯನ್ನು ಅಲ್ಲಗಳೆಯಲಾಗದು. ಆದರೆ ಅವುಗಳ ಲೋಕದಲ್ಲಿ ಯಾರಿದ್ದಾರೆ? ಕುದುರೆ ಏರಿದ ತರುಣ ವೀರ, ಕೋಟೆಯೊಳಗಿನ ದ್ರೋಹಿ, ಕೈಸೋತ ಸುಲ್ತಾನ, ಕ್ರೂರಿ ಪಾದ್ರಿ. ಸೋಲಿಗೆ ಕಾರಣ ಯಾವಾಗಲೂ ಒಬ್ಬ ವಂಚಕ ಅಥವಾ ಒಬ್ಬ ಹೇಡಿ. ಹೊಲ ಉಳುವವನು, ರೇಷ್ಮೆ ನೂಲು ಬಿಚ್ಚುವವಳು, ನೀರಿನ ಪಾಳಿ ಕಾಯುವವನು ಅಲ್ಲಿ ಕಾಣುವುದೇ ಅಪರೂಪ.

ಈ ನೆನಪಿನ ಕೇಂದ್ರದಲ್ಲಿ ಒಂದು ಚಿತ್ರವಿದೆ. 1492ರ ಜನವರಿ 2ರಂದು ಗ್ರನಾಡಾದ ಬೀಗದಕೈ ಒಪ್ಪಿಸಿದ ಸುಲ್ತಾನ್ ಅಬೂ ಅಬ್ದುಲ್ಲಾ ಅಲ್ಪುಹಾರಾದ ಕಡೆ ಹೊರಟ. ಒಂದು ಕಣಿವೆಯ ನೆತ್ತಿಯಲ್ಲಿ ನಿಂತು ಹಿಂತಿರುಗಿ ನೋಡಿ ಅತ್ತ. ಗಂಡಸಿನಂತೆ ಕಾಯಲಾಗದ್ದಕ್ಕೆ ಹೆಂಗಸಿನಂತೆ ಅಳುತ್ತೀಯಾ ಎಂದು ತಾಯಿ ಆಯಿಷಾ ಹಂಗಿಸಿದಳು. ಈ ಕಥೆ ಉರ್ದುವಿನಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆ ಜಾಗಕ್ಕೆ ಇಂದಿಗೂ ‘ಮೂರನ ನಿಟ್ಟುಸಿರು’ ಎಂದೇ ಹೆಸರು. ಆದರೆ ಈ ಕಥೆಯನ್ನು ಪ್ರಸಿದ್ಧಗೊಳಿಸಿದ್ದು ಅಂದಲೂಸಿನ ಮುಸ್ಲಿಮ ಚರಿತ್ರೆಕಾರರಲ್ಲ. ಹದಿನಾರನೆಯ ಶತಮಾನದ ಕ್ರೈಸ್ತ ಬಿಷಪ್ ಅಂತೋನಿಯೋ ದೆ ಗೆವಾರಾ. ಗೆದ್ದವರ ಕಡೆಯವನೊಬ್ಬ ಸೋತವರ ಬಗ್ಗೆ ಬರೆದ ಕಥೆಯನ್ನು ನಾವು ನಮ್ಮ ಮನೆಯ ದುಃಖವೆಂದು ಎದೆಗೆ ಒತ್ತಿಕೊಂಡಿದ್ದೇವೆ. ಅಳು ಹೆಂಗಸಿನದು, ಗಂಡಸುತನ ಕತ್ತಿಯದು ಎಂಬ ಅದರ ನೀತಿಯನ್ನೂ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ.

ಆ ನಿಟ್ಟುಸಿರಿನ ನಂತರ ಏನಾಯಿತು? ಸೋತ ಅರಸನಿಗೆ ಅಲ್ಪುಹಾರಾದಲ್ಲಿ ಜಹಗೀರು ಕೊಟ್ಟಿದ್ದರು. ಅವನು ಅಂದರಾಕ್ಸ್‌ನಲ್ಲಿ ಸ್ವಲ್ಪಕಾಲ ಇದ್ದು 1493ರಲ್ಲಿ ಕಡಲು ದಾಟಿ ಮೊರಾಕ್ಕೋದ ಫೆಝ್‌ಗೆ ಹೋದ. ಅವನಿಗೆ ಹೋಗಲು ಹಡಗಿತ್ತು, ಜಾಗವಿತ್ತು. ರೈತರಿಗೆ ಹೊಲ ಮಾತ್ರ ಇತ್ತು. ಅವರು ಉಳಿದರು. ಧರ್ಮ, ಭಾಷೆ, ರೂಢಿಗಳನ್ನು ಕಾಪಾಡುತ್ತೇವೆಂದು ಕೊಟ್ಟ ಮಾತನ್ನು ಎಂಟು ವರ್ಷದೊಳಗೆ ಮುರಿದರು. 1499ರಲ್ಲಿ ಗ್ರನಾಡಾದಲ್ಲಿ ಆರ್ಚ್‌ಬಿಷಪ್ ಸಿಸ್ನೆರೋಸ್ ಬಲವಂತದ ಮತಾಂತರ ಶುರುಮಾಡಿದ. ಅಲ್ಪುಹಾರಾ ದಂಗೆ ಎದ್ದಿತು, ದಮನವಾಯಿತು. ಅಲ್ಲಿಂದ ಮುಂದೆ ಅಲ್ಲಿನವರು ಹೆಸರಿಗೆ ಕ್ರೈಸ್ತರು. ಇತರರ ಬಾಯಲ್ಲಿ ‘ಮೋರಿಸ್ಕೋ’ಗಳು.

1567ರ ಜನವರಿ 1ರಂದು ದೊರೆ ಎರಡನೆಯ ಫಿಲಿಪ್ಪನ ಆಜ್ಞೆಯನ್ನು ಸಾರಲಾಯಿತು. ಅರಬ್ಬಿ ಮಾತನಾಡಬಾರದು, ಅರಬ್ಬಿಯಲ್ಲಿ ಬರೆಯಬಾರದು, ಹಳೆಯ ಉಡುಪು ತೊಡಬಾರದು, ಹೆಂಗಸರು ಮುಖ ಮುಚ್ಚಬಾರದು, ಸ್ನಾನದ ಹಮಾಮುಗಳು ಇರಬಾರದು. ಕಸ್ತಿಲಿಯನ್ ಕಲಿಯಲು ಮೂರು ವರ್ಷದ ಗಡುವು. ಆಗ ಫ್ರಾನ್ಸಿಸ್ಕೋ ನೂನ್ಯೆಸ್ ಮುಲೈ ಎಂಬ ವೃದ್ಧ ಮೋರಿಸ್ಕೋ ಗ್ರನಾಡಾದ ನ್ಯಾಯಾಧಿಕಾರಿಗೆ ಒಂದು ಮನವಿ ಬರೆದ. ಉಡುಪು ಊರಿನದು, ಧರ್ಮದ್ದಲ್ಲ ಎಂದು ಆತ ವಾದಿಸಿದ. ಪೂರ್ವದೇಶಗಳ ಕ್ರೈಸ್ತರು ಅರಬ್ಬಿ ಆಡುತ್ತಾರೆ, ಅದರಿಂದ ಅವರ ಕ್ರೈಸ್ತತನಕ್ಕೆ ಕುಂದಾಗಿದೆಯೇ ಎಂದು ಕೇಳಿದ. ಅಕ್ಷರವಿಲ್ಲದ ಮುದುಕರು ಮೂರು ವರ್ಷದಲ್ಲಿ ಹೊಸ ಭಾಷೆ ಕಲಿಯುವುದು ಹೇಗೆ ಎಂದು ವಿಚಾರಿಸಿದ. ಇಡೀ ಅಂದಲೂಸಿನ ಕಥೆಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಧೀರವಾದ ಬರವಣಿಗೆ ಇಲ್ಲ. ಅದರಲ್ಲಿ ಕತ್ತಿಯಿಲ್ಲ, ಕಣ್ಣೀರಿಲ್ಲ. ಒಬ್ಬ ಪ್ರಜೆಯ ತರ್ಕ ಇದೆ. ನಮ್ಮ ಅಂದಲೂಸ್ ಕಾದಂಬರಿಗಳನ್ನು ಓದಿದವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ?

ಮನವಿಗೆ ಫಲ ಸಿಗಲಿಲ್ಲ. 1568ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಪುಹಾರಾ ಮತ್ತೆ ದಂಗೆ ಎದ್ದಿತು. ವಾಲೋರ್ ಮನೆತನದ ಹೆರ್ನಾಂದೋ ಎಂಬಾತ ಅಬೆನ್ ಉಮೇಯಾ ಎಂಬ ಹೆಸರಿನಲ್ಲಿ ಅರಸನಾದ. ಈ ದಂಗೆಯನ್ನು ಬರೀ ವೀರಗಾಥೆಯಾಗಿ ಹೇಳುವುದು ಪ್ರಾಮಾಣಿಕತೆಯಲ್ಲ. ಮೊದಲ ದಿನಗಳಲ್ಲೇ ದಂಗೆಕೋರರು ಹಳ್ಳಿಯ ಪಾದ್ರಿಗಳನ್ನೂ ನೆರೆಯ ಕ್ರೈಸ್ತರನ್ನೂ ಹಿಂಸಿಸಿ ಕೊಂದರು. ಸರಕಾರದ ಸೈನ್ಯ ಹಳ್ಳಿಗೆ ಹಳ್ಳಿಯನ್ನೇ ಸೂರೆಮಾಡಿತು. ಸಾವಿರಾರು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತು. ಅಬೆನ್ ಉಮೇಯಾ 1569ರಲ್ಲಿ, ಅವನ ಉತ್ತರಾಧಿಕಾರಿ ಅಬೆನ್ ಅಬೂ 1571ರಲ್ಲಿ, ಇಬ್ಬರೂ ತಮ್ಮವರ ಕೈಯಿಂದಲೇ ಸತ್ತರು. ಅಷ್ಟರಲ್ಲಿ ದೊಡ್ಡ ಆಜ್ಞೆ ಬಂದಾಗಿತ್ತು. 1570ರ ನವೆಂಬರಿನಲ್ಲಿ ಗ್ರನಾಡಾ ರಾಜ್ಯದ ಮೋರಿಸ್ಕೋಗಳನ್ನು ಚರ್ಚುಗಳಲ್ಲಿ ಒಟ್ಟುಗೂಡಿಸಿ, ಗುಂಪು ಗುಂಪಾಗಿ ಕಸ್ತಿಲಿಯಾ ಮುಂತಾದ ಕಡೆಗಳಿಗೆ ನಡೆಸಿಕೊಂಡು ಹೋದರು. ಒಟ್ಟು ಸುಮಾರು 80,000 ಮಂದಿ ಹೀಗೆ ಗಡೀಪಾರಾದರು. ಚಳಿಗೆ, ಹಸಿವಿಗೆ, ಜ್ವರಕ್ಕೆ ದಾರಿಯಲ್ಲೇ ಸತ್ತವರು ಬಹಳ. ಕೊನೆಗೆ 1609ರಿಂದ 1614ರ ನಡುವೆ ಸ್ಪೇನಿನಿಂದಲೇ ಸುಮಾರು ಮೂರು ಲಕ್ಷ ಮೋರಿಸ್ಕೋಗಳನ್ನು ಹೊರದಬ್ಬಲಾಯಿತು. ಈಗ ಪ್ರವಾಸಿಗರು ನಡೆಯುವ ದಾರಿಗಳಲ್ಲಿ ಒಂದು ಕಾಲಕ್ಕೆ ಈ ನಡಿಗೆಯೂ ನಡೆದಿತ್ತು.

ಸ್ಪ್ಯಾನಿಷ್ ಲೇಖಕರು ಇದನ್ನು ಮರೆತರು ಎನ್ನುವಂತಿಲ್ಲ. ಈ ಯುದ್ಧವನ್ನು ಹತ್ತಿರದಿಂದ ಕಂಡ ದಿಯೆಗೊ ಉರ್ತಾದೊ ದೆ ಮೆಂದೋಸಾ ತನ್ನ ಚರಿತ್ರೆಯಲ್ಲಿ ಇದನ್ನು ಸ್ಪೇನಿನವರು ಸ್ಪೇನಿನವರೊಡನೆಯೇ ಹೊಡೆದಾಡಿದ ಯುದ್ಧವೆಂದು ಕಂಡ. ಆ ಪುಸ್ತಕ ಅಚ್ಚಾದದ್ದು ಅವನು ಸತ್ತು ಅರ್ಧ ಶತಮಾನದ ಮೇಲೆ, 1627ರಲ್ಲಿ. ಸೆರ್ವಾಂತೆಸ್ ತನ್ನ ‘ದೋನ್ ಕಿಹೋಟೆ’ಯ ಎರಡನೆಯ ಭಾಗದಲ್ಲಿ (1615) ಗಡೀಪಾರಾಗಿ ವೇಷ ಮರೆಸಿಕೊಂಡು ಮರಳಿ ಬಂದ ರಿಕೋತೆ ಎಂಬ ಮೋರಿಸ್ಕೋನನ್ನು ಸಾಂಚೋನ ನೆರೆಯವನಾಗಿ ನಿಲ್ಲಿಸಿದ. ಆದರೆ ಅಲ್ಪುಹಾರಾದ ಪ್ರವಾಸಸಾಹಿತ್ಯಕ್ಕೆ ಅಡಿಗಲ್ಲು ಹಾಕಿದ್ದು ಪೆದ್ರೋ ಅಂತೋನಿಯೋ ದೆ ಅಲಾರ್ಕೋನ್. 1872ರಲ್ಲಿ ಕುದುರೆಯ ಮೇಲೆ ಈ ಸೀಮೆ ಸುತ್ತಿ 1874ರಲ್ಲಿ ‘ಲಾ ಅಲ್ಪುಹಾರಾ’ ಎಂಬ ಪುಸ್ತಕ ಬರೆದ. ಅದಕ್ಕೂ ಹನ್ನೆರಡು ವರ್ಷ ಮುಂಚೆ ಆತ ಸೈನಿಕನಾಗಿ ಮೊರಾಕ್ಕೋದ ಮೇಲಿನ ಯುದ್ಧಕ್ಕೆ ಹೋಗಿ ಬಂದಿದ್ದವನು. ಅವನಿಗೆ ಪ್ರತಿ ಬಂಡೆಯಲ್ಲೂ ಅಬೂ ಅಬ್ದುಲ್ಲಾ, ಪ್ರತಿ ಗುಹೆಯಲ್ಲೂ ಅಬೆನ್ ಉಮೇಯಾ ಕಾಣುತ್ತಾರೆ. ಸೋತ ಅರಸರ ಮೇಲೆ ಅವನಿಗಿರುವ ಕರುಣೆ ನಿಜವಾದದ್ದೇ. ಆದರೆ ಸೋತವರು ಪೂರ್ತಿ ಇಲ್ಲವಾದ ಮೇಲೆ ತೋರುವ ಕರುಣೆಗೆ ಖರ್ಚಿಲ್ಲ. ಉರ್ದುವಿನ ಕಾದಂಬರಿಕಾರನೂ ಸ್ಪೇನಿನ ಈ ಕ್ಯಾಥೊಲಿಕ್ ಲೇಖಕನೂ ಎದುರುಬದುರು ನಿಂತಿದ್ದರೂ ನೋಡುತ್ತಿರುವುದು ಒಂದೇ ಸಿಂಹಾಸನವನ್ನು.

ಇಂಗ್ಲಿಷಿನ ಕಣ್ಣು ಬೇರೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದ ಜೆರಾಲ್ಡ್ ಬ್ರೆನನ್ ಎಂಬ ತರುಣ ಕಡಿಮೆ ಖರ್ಚಿನಲ್ಲಿ ಓದಿಕೊಂಡು ಬದುಕಲು ಯೆಹೆನ್ ಎಂಬ ಹಳ್ಳಿಯಲ್ಲಿ ಮನೆ ಹಿಡಿದ. ಎರಡು ಸಾವಿರ ಪುಸ್ತಕಗಳನ್ನು ಹೇಸರಗತ್ತೆಯ ಊರಿಗೆ ತರಿಸಿದ. ನಡುನಡುವೆ ಬಿಟ್ಟು 1934ರವರೆಗೆ ಅಲ್ಲಿದ್ದ. ವರ್ಜೀನಿಯಾ ವುಲ್ಫ್ 1923ರಲ್ಲಿ ಅವನನ್ನು ನೋಡಲು ಅಲ್ಲಿಗೆ ಹೋಗಿದ್ದಳು. ಅವನ ‘ಸೌತ್ ಫ್ರಮ್ ಗ್ರನಾಡಾ’ (1957) ಅಲ್ಪುಹಾರಾದ ಮೇಲಿನ ಅತ್ಯುತ್ತಮ ಪುಸ್ತಕ ಎನ್ನುವವರಿದ್ದಾರೆ. ನನಗೂ ಆ ಮಾತು ಒಪ್ಪಿಗೆ. ಅರಸರನ್ನು ಬಿಟ್ಟು ಜನರನ್ನು ನೋಡಿದವನು ಅವನು. ಹಬ್ಬ, ಮದುವೆ, ಅಡುಗೆ, ಮಾಟಮಂತ್ರ, ಬೇಸಾಯದ ಕ್ಯಾಲೆಂಡರು ಎಲ್ಲವನ್ನೂ ಕುತೂಹಲದಿಂದ ದಾಖಲಿಸಿದ. ಆದರೂ ಅವನೂ ಎಲ್ಲವನ್ನೂ ಹೇಳಿದವನಲ್ಲ. ತನ್ನ ಮನೆಯಲ್ಲಿ ಕೆಲಸಕ್ಕಿದ್ದ ಹಳ್ಳಿಯ ಹುಡುಗಿಯಲ್ಲಿ ಅವನಿಗೊಂದು ಮಗು ಆಯಿತು. ಆ ಮಗಳು ಮುಂದೆ ತಾಯಿಯಿಂದ ದೂರ, ಅವನ ಮನೆಯಲ್ಲಿ ಬೆಳೆದಳು. ಹಳ್ಳಿಯವರ ಪ್ರೇಮ-ಮದುವೆಗಳನ್ನು ಅಷ್ಟು ವಿವರವಾಗಿ ಬರೆದ ಪುಸ್ತಕದಲ್ಲಿ ಈ ಸಂಗತಿಗೆ ಜಾಗವಿಲ್ಲ. ಬಡವರ ಊರನ್ನು ಪ್ರೀತಿಯಿಂದ ಬರೆದ ಪುಸ್ತಕವೂ ಬರೆದವನ ಅನುಕೂಲದಲ್ಲೇ ನಿಲ್ಲುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

1999ರಲ್ಲಿ ಬಂದ ಕ್ರಿಸ್ ಸ್ಟೂವರ್ಟನ ‘ಡ್ರೈವಿಂಗ್ ಓವರ್ ಲೆಮನ್ಸ್’ ಅಲ್ಪುಹಾರಾವನ್ನು ಇಂಗ್ಲಿಷ್ ಮಧ್ಯಮವರ್ಗದ ಕನಸಿನ ಊರು ಮಾಡಿತು. ಓರ್ಹಿವಾ ಪಟ್ಟಣದ ಹತ್ತಿರ ಜಮೀನು ಕೊಂಡು ಕುರಿ ಸಾಕಿದವನ ಹಾಸ್ಯದ ಕಥನ ಅದು. ಅವನು ಹಾರೆ ಹಿಡಿದವನು, ಕಾಲುವೆಯ ಕೆಸರು ಎತ್ತಿದವನು. ಆ ಮಟ್ಟಿಗೆ ಕುದುರೆಯ ಮೇಲಿನ ಅಲಾರ್ಕೋನ್‌ಗಿಂತ ನೆಲಕ್ಕೆ ಹತ್ತಿರ. ಆದರೆ ಅದನ್ನು ಓದಿ ಬರುವವರು ಕೊಳ್ಳುವುದು ಬಿಸಿಲು, ನಿಂಬೆ ಮತ್ತು ನೆಮ್ಮದಿ. ಒಂದು ಜನಸಮುದಾಯ ಬಿಟ್ಟುಹೋದ ಮನೆಗಳಿಗೆ ಇನ್ನೊಂದು ಕಾಲದ ಜನ ಬಂದರು. ಅವರ ಮಕ್ಕಳು ಹೊಟ್ಟೆಪಾಡಿಗೆ ಬಾರ್ಸೆಲೋನಾಕ್ಕೆ, ಜರ್ಮನಿಗೆ ಹೋದ ಮೇಲೆ ಆ ಮನೆಗಳನ್ನು ಉತ್ತರ ಯುರೋಪಿನವರು ಕೊಂಡರು. ಈ ಸರಪಣಿ ಆ ಬಗೆಯ ಪುಸ್ತಕಗಳ ನಗುವಿನೊಳಗೆ ಕಾಣಸಿಗುವುದಿಲ್ಲ.

ಹಾಗಾದರೆ ಅಲ್ಲಿ ನೋಡಬೇಕಾದದ್ದು ಏನು? ನನ್ನ ಉತ್ತರ: ನೀರು. ಅಲ್ಪುಹಾರಾದ ಇಳಿಜಾರುಗಳನ್ನು ಕಲ್ಲುಕಟ್ಟಣೆ ಕಟ್ಟಿ ಮೆಟ್ಟಿಲು ಹೊಲ ಮಾಡಿದ್ದಾರೆ. ಹಿಪ್ಪುನೇರಳೆ, ಆಲಿವ್, ಅಂಜೂರ, ಬಾದಾಮಿ ಬೆಳೆಯುತ್ತಿದ್ದರು. ಮುಸ್ಲಿಮರ ಕಾಲದಲ್ಲಿ ಇಲ್ಲಿಯ ದೊಡ್ಡ ಆದಾಯ ರೇಷ್ಮೆಯದು. ಎಲೆ ಕೊಯ್ಯುವುದು, ಹುಳು ಮೇಯಿಸುವುದು, ನೂಲು ತೆಗೆಯುವುದು ಎಂದರೆ ಏನೆಂದು ರಾಮನಗರ, ಶಿಡ್ಲಘಟ್ಟದ ಓದುಗರಿಗೆ ನಾನು ಹೇಳಬೇಕಿಲ್ಲ. ಮಳೆ ಕಡಿಮೆಯ ಈ ಬೆಟ್ಟದಲ್ಲಿ ಇದೆಲ್ಲ ಸಾಧ್ಯವಾದದ್ದು ಹಿಮ ಕರಗಿದ ನೀರನ್ನು ತಿರುಗಿಸುವ ಕಾಲುವೆಗಳಿಂದ. ಅವುಗಳಲ್ಲಿ ಒಂದು ಬಗೆ ತುಂಬ ಜಾಣತನದ್ದು. ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬಿದಾಗ ಆ ನೀರನ್ನು ಬೆಟ್ಟದ ನೆತ್ತಿಯಲ್ಲೇ ಕಾಲುವೆಗೆ ಎಳೆದು, ನೆಲ ನೀರು ಕುಡಿಯುವಂಥ ಜಾಗಗಳಿಗೆ ಬಿಡುತ್ತಾರೆ. ಅದು ಮಣ್ಣಿನೊಳಗೆ ಇಂಗಿ, ನಿಧಾನಕ್ಕೆ ಜರಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಳಗಿನ ಹಳ್ಳಿಗಳ ಒರತೆಗಳಲ್ಲಿ ಮೇಲೇಳುತ್ತದೆ. ಬೇಸಗೆಗೆ ಬೇಕಾದ ನೀರನ್ನು ಅಣೆಕಟ್ಟಿಲ್ಲದೆ ಬೆಟ್ಟದ ಹೊಟ್ಟೆಯಲ್ಲೇ ಕೂಡಿಡುವ ಉಪಾಯ ಇದು. ಯಾವ ಜಾಗ ನೀರು ಕುಡಿಯುತ್ತದೆ, ಆ ನೀರು ಎಲ್ಲಿ ಹೊರಬರುತ್ತದೆ ಎಂಬ ಜ್ಞಾನ ಕುರುಬರಿಂದ, ರೈತರಿಂದ, ನೀರಗಂಟಿಗಳಿಂದ ಬಂದದ್ದು. ಇದಕ್ಕೆ ಯಾವ ಸುಲ್ತಾನನ ಹೆಸರೂ ಇಲ್ಲ.

ಈ ಕಾಲುವೆಗೆ ಸ್ಪ್ಯಾನಿಷಿನಲ್ಲಿ ‘ಅಸೇಕಿಯಾ’ ಎನ್ನುತ್ತಾರೆ. ಅದು ಅರಬ್ಬಿಯ ‘ಅಸ್ಸಾಕಿಯಾ’. ನೀರು ಕೊಡು, ಕುಡಿಸು ಎಂಬ ಧಾತುವಿನಿಂದ ಬಂದದ್ದು. ಉರ್ದು ಗಜಲಿನ ‘ಸಾಕಿ’ಯೂ ಅದೇ ಧಾತುವಿನ ಕೂಸು. ನಮ್ಮಲ್ಲಿ ಅದು ಮಧುಪಾತ್ರೆ ಹಿಡಿದು ಮೆಹಫಿಲಿಗೆ ಹೋಯಿತು. ಅಲ್ಲಿ ಹಾರೆ ಹಿಡಿದು ಹೊಲಕ್ಕೆ ಹೋಯಿತು. ಹಳೆಯ ಕಾಲದ ಆಡಳಿತ ವಿಭಾಗಕ್ಕೆ ಅಲ್ಪುಹಾರಾದಲ್ಲಿ ‘ತಾಹಾ’ ಎಂದು ಹೆಸರು. ವಿಧೇಯತೆ ಎಂಬರ್ಥದ ಅರಬ್ಬಿಯ ‘ತಾಅತ್’ ಅದು. ಉರ್ದುವಿನ ‘ಇತಾಅತ್’ ಅದರ ತಂಗಿ. ಇನ್ನೂ ಒಂದು ಪದವಿದೆ. ಒಂದೇ ಕಾಲುವೆಯಿಂದ ಪಾಳಿಯ ಮೇಲೆ ನೀರು ಪಡೆಯುವ ಜಮೀನಿನ ತುಂಡಿಗೆ ಸ್ಪ್ಯಾನಿಷ್ ನಿಘಂಟಿನಲ್ಲಿ ‘ದೂಲಾ’ ಎಂಬ ಹೆಸರಿದೆ. ಅದರ ಮೂಲ ಅರಬ್ಬಿಯ ‘ದೌಲಾ’. ಸರದಿ, ತಿರುಗುವಿಕೆ ಎಂದು ಅದರ ಮೊದಲ ಅರ್ಥ. ಅಧಿಕಾರವೂ ಒಬ್ಬರಿಂದ ಒಬ್ಬರಿಗೆ ತಿರುಗುವಂಥದ್ದೇ ಆದ್ದರಿಂದ ರಾಜವಂಶಕ್ಕೂ ರಾಜ್ಯಕ್ಕೂ ಅದೇ ಪದ ನಿಂತಿತು. ಉರ್ದುವಿಗೆ ಬಂದು ‘ದೌಲತ್’ ಆಗಿ ಸಂಪತ್ತಿನ ಅರ್ಥ ಪಡೆಯಿತು. ಅರಸರ ದೌಲಾ 1492ಕ್ಕೆ ಮುಗಿಯಿತು. ನೀರಿನ ಪಾಳಿ ಮುಂದುವರಿಯಿತು.

ಅದು ಮುಂದುವರಿದ ರೀತಿಯನ್ನು ಗಮನಿಸಬೇಕು. ಮೋರಿಸ್ಕೋಗಳನ್ನು ಹೊರಹಾಕಿದ ಮೇಲೆ, 1571ರಿಂದ, ಸರಕಾರ ಗಲಿಸಿಯಾ, ಅಸ್ತೂರಿಯಾಸ್, ಲಿಯೋನ್, ಕಸ್ತಿಲಿಯಾ ಮುಂತಾದ ಸೀಮೆಗಳಿಂದ ಕ್ರೈಸ್ತ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿತು. ಹೊಲ, ಮನೆ, ಮರ, ಗಿರಣಿ ಯಾವುದು ಯಾರ ಪಾಲಿಗೆ ಎಂದು ಊರೂರಿಗೂ ಲೆಕ್ಕದ ಪುಸ್ತಕಗಳನ್ನು ಬರೆಸಿತು. ನೀರಿನ ವಿಷಯ ಬಂದಾಗ ಹೊಸ ಕಾನೂನು ಮಾಡಿದವರು ಕಡಿಮೆ. ಮೋರಿಸ್ಕೋಗಳ ಕಾಲದ ರೂಢಿಯನ್ನೇ ಆಧಾರವಾಗಿ ಹಿಡಿದರು. ಊರಿಗೆ ಎರಡು ಮೋರಿಸ್ಕೋ ಕುಟುಂಬಗಳನ್ನು ಕಾಲುವೆಯ ಕೆಲಸ ಕಲಿಸಲೆಂದು ಉಳಿಸಿಕೊಂಡಿದ್ದರು ಎಂಬ ಕಥೆಯೂ ಅಲ್ಲಿ ಪ್ರಚಲಿತ. ಕಥೆ ಎಷ್ಟರಮಟ್ಟಿಗೆ ನಿಜವೋ, ಜನ ಅದನ್ನು ಹೇಳುತ್ತ ಬಂದಿದ್ದಾರೆ ಎಂಬುದೇ ಒಂದು ಒಪ್ಪಿಗೆ. ಮಾತನ್ನು ನಿಷೇಧಿಸಬಹುದು, ಉಡುಪು ಸುಡಬಹುದು, ಹೆಸರು ಬದಲಿಸಬಹುದು. ಹೊಲಕ್ಕೆ ನೀರು ಬೇಕಾದಾಗ ಆ ‘ವಿಧರ್ಮಿ’ಯ ಪಾಳಿಯನ್ನೇ ಕೇಳಬೇಕಾಯಿತು. ಹೀಗೆ ಕ್ರೈಸ್ತ ರೈತ ಮುಸ್ಲಿಮ ರೈತನ ವಾರಸುದಾರನಾದ. ರಕ್ತದಿಂದಲ್ಲ, ಕೆಲಸದಿಂದ. ಆ ಕಾಲುವೆಗಳನ್ನು ನಾಲ್ಕೂವರೆ ಶತಮಾನ ಕೆಸರೆತ್ತಿ ಕಾಯ್ದವರು ಅವರೇ. ನಮ್ಮ ಅಂದಲೂಸ್ ಶೋಕಗೀತೆಗಳಲ್ಲಿ ಇವರಿಗೂ ಒಂದು ಕೃತಜ್ಞತೆ ಸಲ್ಲಬೇಕಲ್ಲವೇ?

ಇಲ್ಲಿ ಇಕ್ಬಾಲರನ್ನು ನೆನೆಯ­ಬೇಕು. 1933ರಲ್ಲಿ ಸ್ಪೇನಿಗೆ ಹೋಗಿ ಬಂದು ಅವರು ಬರೆದ ‘ಮಸ್ಜಿದೆ ಕುರ್ತುಬಾ’ ಕವಿತೆಯನ್ನು ಬಹಳಷ್ಟು ಜನ ಕಳೆದುಹೋದ ವೈಭವದ ಹಾಡಾಗಿ ಓದುತ್ತಾರೆ. ಆದರೆ ಅದರ ತಿರುಳು ಬೇರೆ. ಕಾಲ ಎಲ್ಲವನ್ನೂ ಅಳಿಸುತ್ತದೆ. ಪ್ರೇಮದಿಂದ, ಎದೆಯ ನೆತ್ತರಿನಿಂದ ಮಾಡಿದ ಕೆಲಸಕ್ಕೆ ಮಾತ್ರ ಬಾಳಿಕೆ ಎಂಬುದು ಅವರ ನಂಬಿಕೆ. ಈ ಅಳತೆಗೋಲನ್ನು ಮಸೀದಿಯ ಕಂಬಗಳಿಗೆ ಇಡುವುದಾದರೆ, ಅಲ್ಪುಹಾರಾದ ಕಾಲುವೆಗೆ ಯಾಕೆ ಇಡಬಾರದು? ನನ್ನ ತಕರಾರು ಇಕ್ಬಾಲರ ಮೇಲಲ್ಲ, ಅವರನ್ನು ಸಿಂಹಾಸನದ ಕವಿಯಾಗಿ ಕುಗ್ಗಿಸುವ ಓದಿನ ಮೇಲೆ.

ಅರಬ್ಬಿಯಲ್ಲಿ ಬೇರೆ ಬಗೆಯಾಗಿ ಬರೆದು ತೋರಿಸಿದವರು ಈಜಿಪ್ಟಿನ ಲೇಖಕಿ ರದ್ವಾ ಆಶೂರ್. 1994–95ರಲ್ಲಿ ಬಂದ ಅವರ ‘ಗರ್ನಾತಾ’ ಕಾದಂಬರಿತ್ರಯದ ನಾಯಕ ಸುಲ್ತಾನನಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಒಬ್ಬ ಮುದುಕನ ಮನೆಯವರು. ಅವನ ಮೊಮ್ಮಗಳು ಸಲೀಮಾ ಗಿಡಮೂಲಿಕೆ ತಿಳಿದವಳು. ಅದೇ ಅವಳ ಅಪರಾಧವಾಗಿ ಮಾಟಗಾತಿಯೆಂದು ಸುಡುತ್ತಾರೆ. ಕೊನೆಯ ಭಾಗದಲ್ಲಿ ಅಲಿ ಎಂಬವನು ಗಡೀಪಾರಿನ ಕಡಲತೀರದವರೆಗೆ ಬಂದು, ಹಡಗು ಹತ್ತದೆ ನೆಲದ ಕಡೆಗೇ ತಿರುಗುತ್ತಾನೆ. ಸೋಲನ್ನು ದ್ರೋಹಿಯ ಹುಡುಕಾಟವಾಗಿ ಮಾಡದೆ, ದಿನದಿನದ ಬದುಕು ಹೇಗೆ ಕಿರಿದಾಗುತ್ತ ಹೋಗುತ್ತದೆ ಎಂದು ತೋರಿಸುವ ಕೆಲಸ ಅದು. ಉರ್ದುವಿನ ಅಂದಲೂಸ್ ಕಥನಕ್ಕೆ ಇಂಥದ್ದೊಂದು ಕೈ ಬೇಕಿತ್ತು. ಕನ್ನಡಕ್ಕೆ ಬರಬೇಕಾದ ಕೃತಿ ಕೂಡ ಇದು.

ಅಲ್ಪುಹಾರಾದ ಜನ ತಮ್ಮ ಚರಿತ್ರೆಯನ್ನು ತಾವೇ ಆಡಿತೋರಿಸುವುದೂ ಇದೆ. ವಾಲೋರ್ ಹಳ್ಳಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ‘ಮೂರರು ಮತ್ತು ಕ್ರೈಸ್ತರು’ ಎಂಬ ಆಟ ನಡೆಯುತ್ತದೆ. ಊರವರೇ ಎರಡು ಪಕ್ಷ ಕಟ್ಟಿ, ಕುದುರೆ ಹತ್ತಿ, ಈಡು ಹಾರಿಸಿ, ಪದ್ಯಗಳನ್ನು ಹೇಳುತ್ತಾರೆ. ಮೊದಲು ಮೂರರು ಕೋಟೆ ಗೆಲ್ಲುತ್ತಾರೆ, ಆಮೇಲೆ ಕ್ರೈಸ್ತರು. ಕೊನೆ ಎಲ್ಲರಿಗೂ ಗೊತ್ತು: ಮೂರರು ಸೋತು ಕ್ರೈಸ್ತರಾಗುತ್ತಾರೆ. ಗೆದ್ದವರ ಆಟ ಇದು, ಸಂಶಯವಿಲ್ಲ. ಮತಾಂತರವಾದರೂ ಹೊರದಬ್ಬಿಸಿಕೊಂಡವರ ಸತ್ಯ ಆ ಕೊನೆಯ ದೃಶ್ಯದಲ್ಲಿ ಇಲ್ಲ. ಆದರೆ ಆ ಹೊತ್ತಿಗೆ ಊರಿನ ಅರ್ಧ ಜನ ಮೂರರಾಗಿ ನಿಂತು ಅವರ ಪರವಾಗಿ ಮಾತನಾಡುತ್ತಾರೆ ಎಂಬುದನ್ನೂ ಕಡೆಗಣಿಸಲಾಗದು. ಇನ್ನೊಂದು ಕಡೆ ಟ್ರೆವೇಲೆಸ್ ಎಂಬ ಎತ್ತರದ ಹಳ್ಳಿ ಉಪ್ಪಿನಲ್ಲಿಟ್ಟು ಒಣಗಿಸಿದ ಹಂದಿತೊಡೆಗೆ ಹೆಸರುವಾಸಿ. ಹಂದಿಮಾಂಸ ತಿನ್ನದವನನ್ನು ಸಂಶಯದಿಂದ ನೋಡುತ್ತಿದ್ದ ಕಾಲ ಅಲ್ಲಿ ಕಳೆದುಹೋಗಿದೆ. ಒಬ್ಬನ ತಟ್ಟೆ ನೋಡಿ ಅವನ ನಿಷ್ಠೆ ಅಳೆಯುವ ರೋಗ ಯಾವ ಕಾಲಕ್ಕೂ ಯಾವ ದೇಶಕ್ಕೂ ಸೀಮಿತವಲ್ಲ ಎಂಬುದನ್ನು ಮಾತ್ರ ಆ ತೊಡೆಗಳು ನೆನಪಿಸುತ್ತವೆ.

ನಡಿಗೆಯ ದಾರಿ ತೋರಿಸದ ಒಂದು ಜಾಗವೂ ಇದೆ. ಅಲ್ಪುಹಾರಾದ ಬೆಟ್ಟ ಇಳಿದು ಅಲ್ಮೆರಿಯಾದ ಕಡಲ ಬಯಲಿಗೆ ಹೋದರೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳ ಸಮುದ್ರ. ಪ್ರಾಂತ್ಯದಲ್ಲಿ ಸುಮಾರು 30,000 ಹೆಕ್ಟೇರಿನಷ್ಟು ನೆಲ ಹೀಗೆ ಮುಚ್ಚಿದೆ. ಯುರೋಪಿನ ಅಂಗಡಿಗಳಿಗೆ ಚಳಿಗಾಲದಲ್ಲೂ ಟೊಮೆಟೊ, ದೊಣ್ಣೆಮೆಣಸು ಇಲ್ಲಿಂದ ಹೋಗುತ್ತದೆ. ಬೆಟ್ಟದ ಹಳ್ಳಿಗಳನ್ನು ಬಿಟ್ಟ ಬಡರೈತರಲ್ಲಿ ಹಲವರು ಅಲ್ಲಿ ಜಮೀನು ಮಾಡಿ ಉಳ್ಳವರಾದರು. ಅವರ ಪ್ಲಾಸ್ಟಿಕ್ಕಿನ ಅಡಿಯಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಮೊರಾಕ್ಕೋದವರು. 2000ದ ಫೆಬ್ರವರಿಯಲ್ಲಿ ಎಲ್ ಎಹಿದೋ ಪಟ್ಟಣದಲ್ಲಿ, ಮಾನಸಿಕ ಅಸ್ವಸ್ಥನಾದ ಒಬ್ಬ ಮೊರಾಕ್ಕೋದವನು ಒಬ್ಬ ಯುವತಿಯನ್ನು ಕೊಂದ. ಆ ಒಬ್ಬನ ಅಪರಾಧಕ್ಕೆ ಮೂರು ದಿನ ಎಲ್ಲ ಮೊರಾಕ್ಕೋದವರ ಮನೆ, ಅಂಗಡಿ, ಮಸೀದಿಗಳ ಮೇಲೆ ದಾಳಿ ನಡೆಯಿತು. ಮೇಲೆ ಬೆಟ್ಟದಲ್ಲಿ ಸತ್ತ ಮೂರನ ಮನೆ ರಕ್ಷಿತ ಸ್ಮಾರಕ. ಕೆಳಗೆ ಬಯಲಿನಲ್ಲಿ ಬದುಕಿರುವ ಮೂರನಿಗೆ ಬಾಡಿಗೆಗೆ ಮನೆ ಸಿಗುವುದೇ ಕಷ್ಟ. ಅಲ್ಪುಹಾರಾದ ಮೇಲೆ ಇನ್ನು ಬರೆಯುವ ಯಾರೇ ಆಗಲಿ ಈ ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡದಿದ್ದರೆ ಅದು ಅರ್ಧ ಬರವಣಿಗೆ. ನಮ್ಮ ಉರ್ದು ಲೇಖಕರಿಗೂ ಈ ಮಾತು ಅನ್ವಯ. ಅಲ್ಹಂಬ್ರಾಕ್ಕೆ ಅಳುವವರು ಎಲ್ ಎಹಿದೋದ ಕೂಲಿಯವನಿಗೆ ಒಂದು ಸಾಲನ್ನಾದರೂ ಮೀಸಲಿಡಬೇಕು.

ಕೆಲವು ದಶಕಗಳಿಂದ ಬೆಟ್ಟದ ಕಾಲುವೆಗಳು ಒಂದೊಂದಾಗಿ ಹಾಳುಬೀಳುತ್ತ ಬಂದಿವೆ. ಊರು ಬಿಟ್ಟವರ ಜೊತೆ ಕೆಸರೆತ್ತುವ ಕೈಗಳೂ ಹೋದವು. ಆದರೆ ಎಲ್ಲ ಮುಗಿದಿಲ್ಲ. 2014ರಲ್ಲಿ ಕಾನ್ಯಾರ್ ಎಂಬ ಹಳ್ಳಿಯ ಪಾಳುಬಿದ್ದ ಕಾಲುವೆಯೊಂದನ್ನು ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಊರವರನ್ನೂ ಸ್ವಯಂಸೇವಕರನ್ನೂ ಸೇರಿಸಿಕೊಂಡು ಮತ್ತೆ ಹರಿಯುವಂತೆ ಮಾಡಿದರು. ಆಮೇಲೆ ಬೇರೆ ಹಳ್ಳಿಗಳಲ್ಲೂ ಆ ಕೆಲಸ ನಡೆದಿದೆ. ಬರ ಹೆಚ್ಚುತ್ತಿರುವ ಸ್ಪೇನಿನಲ್ಲಿ ಈ ಹಳೆಯ ಜ್ಞಾನಕ್ಕೆ ಬೆಲೆ ಬಂದಿದೆ. ಅಗೆದವರ ಧರ್ಮ ಯಾವುದು, ಈಗ ಕೆಸರೆತ್ತುವವರ ಧರ್ಮ ಯಾವುದು ಎಂದು ಕಾಲುವೆ ಕೇಳುವುದಿಲ್ಲ. ಪಾಳಿ ತಪ್ಪಿಸಬಾರದು, ಮೇಲಿನವನು ಕೆಳಗಿನವನ ನೀರು ಕದಿಯಬಾರದು. ಅದಕ್ಕೆ ಗೊತ್ತಿರುವ ನ್ಯಾಯ ಇಷ್ಟೇ.

ಅಲ್ಪಸಂಖ್ಯಾತ ಸಮುದಾಯವೊಂದು ತನ್ನ ಚರಿತ್ರೆಯನ್ನು ಎರಡು ರೀತಿಯಲ್ಲಿ ಓದಬಹುದು. ನಾವು ಆಳಿದ್ದೆವು ಎಂದು ಓದಬಹುದು. ನಾವು ದುಡಿದಿದ್ದೆವು ಎಂದೂ ಓದಬಹುದು. ಮೊದಲನೆಯ ಓದು ನಮ್ಮನ್ನು ಕಳೆದುಹೋದ ಆಸ್ತಿಯ ಕಕ್ಷಿದಾರರನ್ನಾಗಿ ಮಾಡುತ್ತದೆ. ಎದುರಿನವರ ಸಂಶಯಕ್ಕೂ ಅದೇ ಮೇವು. ಎರಡನೆಯದು ನಮ್ಮನ್ನು ನೆರೆಯವರ ಜೊತೆ ಒಂದೇ ನೆಲದ ಪಾಲುದಾರರನ್ನಾಗಿ ನಿಲ್ಲಿಸುತ್ತದೆ. ಅಲ್ಪುಹಾರಾದ ಕಾಲುದಾರಿಗಳು ಮತ್ತು ಕಾಲುವೆಗಳು ಎರಡನೆಯ ಓದಿಗೆ ಸಾಕ್ಷಿ ಹೇಳುತ್ತವೆ. ಉರ್ದುವಿನಿಂದ ಅಂದಲೂಸನ್ನು ಪಡೆದ ನಾವು ಕನ್ನಡದಲ್ಲಿ ಅದನ್ನು ಬರೆಯುವಾಗ ಈ ಸಾಕ್ಷಿಯನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.